ಹೇರೋಹಳ್ಳಿಯ ಚಂದ್ರ, ಕುರುಬರಹಳ್ಳಿಯ ನೀರು

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಕಲೆಗೂ ಜನರ ಬದುಕಿಗೂ ಇರುವ ನಂಟಿನ ಬಗ್ಗೆ ಮಾತಾಡಬೇಕೆಂದು ಸಂಘಟಕರು ಕೇಳಿದರು. ಚಿತ್ರಶಾಲೆಗಳ ಗೋಡೆಯ ಮೇಲಿನ ಕಲೆಯ ಬಗ್ಗೆ ನನಗಿಂತ ಬಲ್ಲವರು ಹೇಳಿದ್ದಾರೆ, ಬರೆದಿದ್ದಾರೆ. ನಾನು ನಮ್ಮ ಕಾಲ ಕೆಳಗಿನ ಕಲೆಯ ಬಗ್ಗೆ ಮಾತಾಡುತ್ತೇನೆ. ದಿನವೂ ಓಡಾಡುವ ರಸ್ತೆಯಲ್ಲಿ ತಟ್ಟನೆ ಎದುರಾಗಿ, ಮೊದಲು ಬೆರಗುಗೊಳಿಸಿ, ಆಮೇಲೆ ಎದೆಯೊಳಗೆ ಏನೋ ಕದಡಿ ಹೋಗುವ ಕಲೆ ಅದು. ಅಂಥದೊಂದು ಕೆಲಸ ನಮ್ಮ ಈ ಪಶ್ಚಿಮ ಬೆಂಗಳೂರಿನಲ್ಲೇ ನಡೆಯಿತು. ಅಲ್ಲಿಂದಲೇ ಶುರುಮಾಡುತ್ತೇನೆ.

2019ರ ಸೆಪ್ಟೆಂಬರ್ ಮೊದಲ ವಾರ ನೆನಪು ಮಾಡಿಕೊಳ್ಳಿ. ಜುಲೈ 22ರಂದು ಶ್ರೀಹರಿಕೋಟಾದಿಂದ ಹೊರಟ ಚಂದ್ರಯಾನ-2 ಚಂದ್ರನನ್ನು ಸುತ್ತುತ್ತಿತ್ತು. ವಿಕ್ರಮ್ ಲ್ಯಾಂಡರ್ ಸೆಪ್ಟೆಂಬರ್ 7ರ ನಸುಕಿನಲ್ಲಿ ಇಳಿಯಬೇಕಿತ್ತು. ಶಾಲೆಗಳಲ್ಲಿ, ಹೋಟೆಲುಗಳಲ್ಲಿ, ಬಸ್ಸುಗಳಲ್ಲಿ ಅದೇ ಮಾತು. ಆ ನೌಕೆಯನ್ನು ನಡೆಸುತ್ತಿದ್ದವರು ಎಲ್ಲೋ ದೂರದಲ್ಲಿ ಇರಲಿಲ್ಲ. ಇಲ್ಲೇ ಪೀಣ್ಯದಲ್ಲಿರುವ ಇಸ್ರೋದ ಇಸ್ಟ್ರಾಕ್ ಕೇಂದ್ರದಲ್ಲಿ ವಿಜ್ಞಾನಿಗಳು ಹಗಲಿರುಳು ಕೂತಿದ್ದರು. ನೌಕೆಯ ಸಂಕೇತಗಳನ್ನು ಹಿಡಿಯುವ 32 ಮೀಟರ್ ಅಗಲದ ಆಂಟೆನಾ ಇರುವುದೂ ನಗರದ ಪಶ್ಚಿಮಕ್ಕೆ, ಬ್ಯಾಲಾಳುವಿನಲ್ಲಿ. ಚಂದ್ರ ಆ ವಾರ ನಮ್ಮ ನೆರೆಯವನೇ ಆಗಿದ್ದ.

ಆಗ ಮೊಬೈಲಿಂದ ಮೊಬೈಲಿಗೆ ಒಂದು ಚಿಕ್ಕ ವಿಡಿಯೊ ಹರಿದಾಡಿತು. ಕತ್ತಲು. ಬೂದು ಬಣ್ಣದ ಉಬ್ಬುತಗ್ಗಿನ ನೆಲ, ಅಲ್ಲಲ್ಲಿ ಕುಳಿ. ಗಗನಯಾತ್ರಿಯ ದಿರಿಸು ತೊಟ್ಟ ಒಬ್ಬ ವ್ಯಕ್ತಿ ಮೈಯಲ್ಲಿ ತೂಕವೇ ಇಲ್ಲದವನಂತೆ ನಿಧಾನವಾಗಿ ಹೆಜ್ಜೆ ಎತ್ತಿಡುತ್ತಾನೆ. ನೋಡುವವರ ಮನಸ್ಸು ಚಂದ್ರನ ಮೇಲೆ ಇಳಿದೇಬಿಡುತ್ತದೆ. ಅಷ್ಟರಲ್ಲಿ ಬೆಳಕು ಚೆಲ್ಲುತ್ತ ಒಂದು ಆಟೋ ಪಕ್ಕದಲ್ಲೇ ಹಾದುಹೋಗುತ್ತದೆ. ಆ ಬೆಳಕಿನಲ್ಲಿ ಎಲ್ಲ ಬಯಲಾಗುತ್ತದೆ. ಅದು ಚಂದ್ರನಲ್ಲ, ಮಾಗಡಿ ರಸ್ತೆಯ ಕಡೆಯ ಹೇರೋಹಳ್ಳಿ ಹತ್ತಿರದ ತುಂಗಾನಗರ ಮುಖ್ಯರಸ್ತೆ. ಕುಳಿಗಳೆಲ್ಲ ನಮ್ಮವೇ ಗುಂಡಿಗಳು. ಇದನ್ನು ಕಲ್ಪಿಸಿ ಮಾಡಿದವರು ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ. ಗಗನಯಾತ್ರಿಯಾಗಿ ನಡೆದವರು ನಟ ಪೂರ್ಣಚಂದ್ರ ಮೈಸೂರು. ವಿಡಿಯೊ ದೇಶವಿದೇಶ ಸುತ್ತಿತು. ಒಂದೆರಡು ದಿನಗಳಲ್ಲೇ ಅಂದಿನ ಬಿಬಿಎಂಪಿ ಯಂತ್ರಗಳನ್ನು ಕಳಿಸಿ ಆ ರಸ್ತೆಯ ದುರಸ್ತಿಗೆ ಕೈಹಾಕಿತು.

ಈ ಒಂದು ನಿಮಿಷದ ಕೆಲಸವನ್ನು ಸ್ವಲ್ಪ ಬಿಡಿಸಿ ನೋಡೋಣ. ಇದರಲ್ಲಿ ಎರಡು ಘಳಿಗೆಗಳಿವೆ. ಮೊದಲನೆಯದು ಸಂತೋಷದ್ದು. ನಾವು ಇಡೀ ವಾರ ಕನಸು ಕಾಣುತ್ತಿದ್ದ ಜಾಗಕ್ಕೆ ಕಲಾವಿದ ನಮ್ಮನ್ನು ಕರೆದೊಯ್ಯುತ್ತಾನೆ. ಎರಡನೆಯದು ಆಟೋ ಹಾದುಹೋಗುವ ಘಳಿಗೆ. ಆಗ ನಗು ಬರುತ್ತದೆ, ನಿಜ. ನಗು ಮುಗಿಯುವ ಹೊತ್ತಿಗೆ ಒಳಗೊಂದು ಕಸಿವಿಸಿ ಶುರುವಾಗುತ್ತದೆ. ಆ ಆಟೋದವರು ಗುಂಡಿಗಳ ನಡುವೆ ಎಷ್ಟು ಸಲೀಸಾಗಿ ಗಾಡಿ ತಿರುಗಿಸಿಕೊಂಡು ಹೋದರು ನೋಡಿದಿರಾ? ಅದು ಅವರಿಗೆ ನಿತ್ಯದ ದಾರಿ. ನನಗೂ ನಿಮಗೂ ಅಷ್ಟೇ. ಇಂಥ ರಸ್ತೆಯಲ್ಲಿ ಬೀಳದೆ ಹೋಗುವುದನ್ನು ನಮ್ಮ ಕಾಲು, ನಮ್ಮ ಕೈ ಯಾವಾಗಲೋ ಕಲಿತುಬಿಟ್ಟಿವೆ. ಗಗನಯಾತ್ರಿಯನ್ನು ಕಂಡು ಬೆರಗಾದ ನಾವು, ಆ ನೆಲವನ್ನು ಕಂಡು ಬೆರಗಾಗುವುದನ್ನು ಎಂದೋ ಬಿಟ್ಟಿದ್ದೆವು. ಕಸಿವಿಸಿ ಹುಟ್ಟುವುದು ಅಲ್ಲಿ.

ನನ್ನ ಇವತ್ತಿನ ಮಾತೆಲ್ಲ ಇಷ್ಟರ ಸುತ್ತಲೇ ತಿರುಗುತ್ತದೆ. ಕಲಕುವ ಕಲೆ ನಮಗೆ ಹೊಸದೊಂದು ಭಯಾನಕವನ್ನು ತಂದು ಕೊಡುವುದಿಲ್ಲ. ಅದು ನಮ್ಮ ಒಗ್ಗಿಹೋಗುವಿಕೆಯನ್ನು ನಮಗೇ ತೋರಿಸುತ್ತದೆ.

ಒಗ್ಗಿಹೋಗುವುದನ್ನು ನಾನು ಪೂರ್ತಿ ಹಳಿಯಲಾರೆ. ಅದಿಲ್ಲದೆ ಬದುಕುವುದು ಸಾಧ್ಯವಿಲ್ಲ. ನಮ್ಮ ಮೆದುಳು ಪ್ರತಿ ಕ್ಷಣವೂ ಮುಂದೇನು ಬರಲಿದೆ ಎಂದು ಊಹಿಸುತ್ತ ಇರುತ್ತದೆ. ಊಹಿಸಿದಂತೆಯೇ ಬಂದರೆ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಊಹೆ ತಪ್ಪಿದಾಗ ಹೆಚ್ಚು ಎಚ್ಚರಗೊಂಡು ಕಲಿಯುತ್ತದೆ. ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸದಿರುವುದು, ಅದು ನಿಂತಾಗ ತಲೆಯೆತ್ತಿ ನೋಡುವುದು ಈ ಕಾರಣಕ್ಕೇ. ಮನೆಯ ಎದುರಿನ ಮರ, ಪಕ್ಕದ ಅಂಗಡಿ, ಮೋರಿಯ ವಾಸನೆ, ಕಾಲುದಾರಿಯ ಮುರಿದ ಚಪ್ಪಡಿ ಎಲ್ಲವೂ ಹೀಗೆಯೇ ನಮ್ಮ ಗಮನದಿಂದ ಜಾರಿಹೋಗುತ್ತವೆ. ಮರದ ಜೊತೆ ಹೂವೂ ಜಾರುತ್ತದೆ, ಚಪ್ಪಡಿಯ ಜೊತೆ ಅಪಾಯವೂ ಜಾರುತ್ತದೆ. ಒಳ್ಳೆಯದು ಕೆಟ್ಟದ್ದು ಎರಡಕ್ಕೂ ಕಣ್ಣು ಒಟ್ಟಿಗೇ ಕುರುಡಾಗುತ್ತದೆ.

ಕಳೆದುಹೋದ ಒಳ್ಳೆಯದನ್ನು ತಿರುಗಿ ಕೊಟ್ಟ ಕಲಾವಿದರೊಬ್ಬರ ಹೆಸರನ್ನು ಈ ಭಾಗದವರು ಮರೆಯಬಾರದು. ದೊಡ್ಡಬಳ್ಳಾಪುರದಲ್ಲಿ 1910ರಲ್ಲಿ ಹುಟ್ಟಿದ ರುಮಾಲೆ ಚೆನ್ನಬಸವಯ್ಯನವರು. ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿದವರು, 'ತಾಯಿನಾಡು' ಪತ್ರಿಕೆಯ ಸಂಪಾದಕರಾಗಿದ್ದವರು. ಆಮೇಲೆ ಕುಂಚಕ್ಕೆ ಮರಳಿದರು. ಕ್ಯಾನ್ವಾಸನ್ನು ಹೊತ್ತುಕೊಂಡು ಹೋಗಿ ಮರದ ಎದುರಿಗೇ ನಿಂತು ಚಿತ್ರ ಬರೆಯುತ್ತಿದ್ದರು. ಗುಲ್‌ಮೊಹರದ ಕೆಂಪು, ಜಕರಂಡದ ನೇರಳೆ, ಟಬೂಬಿಯಾದ ಹಳದಿ, ಬೆಂಗಳೂರಿನ ರಸ್ತೆಗಳು ವರ್ಷಕ್ಕೊಮ್ಮೆ ಉಡುವ ಆ ಬಣ್ಣಗಳನ್ನೆಲ್ಲ ಅವರು ದಪ್ಪ ದಪ್ಪ ಕುಂಚದ ಹೊಡೆತದಲ್ಲಿ ಹಿಡಿದಿಟ್ಟರು. 1988ರಲ್ಲಿ ತೀರಿಕೊಂಡರು. ಅವರ ಚಿತ್ರಗಳನ್ನು ಕಾಪಾಡಿಕೊಂಡು ಬಂದಿರುವ ರುಮಾಲೆ ಆರ್ಟ್ ಹೌಸ್ ಇರುವುದು ನಮ್ಮ ರಾಜಾಜಿನಗರದಲ್ಲೇ. ಹೋಗಿ ನೋಡಿ. ನೋಡಿ ಹೊರಗೆ ಬಂದವರಿಗೆ ರಸ್ತೆಯ ಮರ ಕಣ್ಣಿಗೆ ಬೀಳುತ್ತದೆ. ಅದು ಮೊದಲಿನಿಂದಲೂ ಅಲ್ಲೇ ಇತ್ತು. ಅವರ ಚಿತ್ರಗಳು ಕೊಡುವ ಅಚ್ಚರಿ ಮೃದುವಾದದ್ದು, ಯಾರನ್ನೂ ನೋಯಿಸದ್ದು. ಆದರೂ ಇಂದು ಆ ಚಿತ್ರಗಳ ಮುಂದೆ ನಿಂತರೆ ಅವೂ ಕಲಕುತ್ತವೆ. ಕಡಿದುಹೋದ ಸಾಲುಮರಗಳು ಅಲ್ಲಿ ಹೂಬಿಟ್ಟು ನಿಂತಿವೆ. ಬರೆದಾಗ ಇಲ್ಲದ ನೋವನ್ನು ಕಾಲ ಆ ಚಿತ್ರಗಳಿಗೆ ಸೇರಿಸಿದೆ.

ಇನ್ನು ಮೃದುವಲ್ಲದ ಅಚ್ಚರಿಗೆ ಬರುತ್ತೇನೆ. ಬೀದಿಯಲ್ಲಿ ಎದುರಾಗಿ ಮನಸ್ಸು ಕಲಕುವ ಕಲೆ ನಮಗೆ ಹೊರಗಿನಿಂದ ಬಂದದ್ದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ಸಭೆಯಲ್ಲಿರುವ ಹಿರಿಯರು ಹಗಲುವೇಷದವರನ್ನು ನೋಡಿದ್ದೀರಿ. ಪುರಾಣದ ಪಾತ್ರಗಳು ಮುಖಕ್ಕೆ ಬಣ್ಣ ಬಳಿದುಕೊಂಡು ಬಿಸಿಲಿನಲ್ಲೇ ಮನೆಬಾಗಿಲಿಗೆ ಬಂದು ನಿಲ್ಲುತ್ತಿದ್ದವು. ಸುಡುಗಾಡು ಸಿದ್ಧರು ಬೀದಿ ನಡುವೆ ಕೈಚಳಕ ತೋರಿಸಿ ಮಕ್ಕಳ ಕಣ್ಣರಳಿಸುತ್ತಿದ್ದರು. ತೆಂಕುತಿಟ್ಟು ಯಕ್ಷಗಾನದಲ್ಲಿ ಅಕ್ಕಿಹಿಟ್ಟಿನ ಚುಟ್ಟಿ ಇಟ್ಟ ಬಣ್ಣದ ವೇಷ ದೊಂದಿಯ ಬೆಳಕಿನಲ್ಲಿ ಆರ್ಭಟಿಸುತ್ತ ಪ್ರೇಕ್ಷಕರ ನಡುವೆಯೇ ನುಗ್ಗಿ ಬಂದಾಗ ಕುಳಿತವರು ಎದ್ದು ದಾರಿ ಬಿಡುತ್ತಿದ್ದರು, ಮಕ್ಕಳು ತಾಯಂದಿರ ಸೆರಗು ಹಿಡಿಯುತ್ತಿದ್ದರು.

ಇವೆಲ್ಲಕ್ಕಿಂತ ಹೆಚ್ಚು ಕಲಕುವವರು ದುರುಗಮುರುಗಿಯವರು. ಹೆಣ್ಣುಮಗಳು ದೇವಿಯ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಉರುಮೆ ನುಡಿಸುತ್ತಾಳೆ. ಗಂಡಸು ಕಾಲಿಗೆ ಗೆಜ್ಜೆ ಕಟ್ಟಿ, ಕೂದಲು ಬಿಚ್ಚಿ, ಉದ್ದನೆಯ ಚಾಟಿಯಿಂದ ತನ್ನ ಬರಿಮೈಗೆ ತಾನೇ ಬಾರಿಸಿಕೊಳ್ಳುತ್ತಾನೆ. ಆ ಚಟೀರ್ ಸದ್ದಿಗೆ ಇಡೀ ಬೀದಿ ಸ್ತಬ್ಧವಾಗುತ್ತದೆ. ಮೊರದಲ್ಲಿ ಅಕ್ಕಿಯನ್ನೋ ರಾಗಿಯನ್ನೋ ತಂದು ಹಾಕುವವರೆಗೂ ಮನೆಯವರಿಗೆ ಸಮಾಧಾನವಿಲ್ಲ. ಅದು ಭಕ್ತಿಯೋ, ಕಲೆಯೋ, ಹೊಟ್ಟೆಪಾಡೋ? ಮೂರೂ ಹೌದು. ನೋಡುವವರ ಎದೆಯಲ್ಲಿ ಭಯ, ಮರುಕ, ನಾಚಿಕೆ ಒಟ್ಟಿಗೆ ಏಳುತ್ತವೆ. ಇನ್ನೊಬ್ಬ ಮನುಷ್ಯ ನನ್ನ ಒಂದು ಹಿಡಿ ಕಾಳಿಗಾಗಿ ತನ್ನ ಮೈಯನ್ನು ಹೊಡೆದುಕೊಳ್ಳಬೇಕಾಯಿತೇ ಎಂಬ ನಾಚಿಕೆ ಅದು. ಈ ಸಮುದಾಯದ ಮಕ್ಕಳು ಚಾಟಿ ಬಿಟ್ಟು ಶಾಲೆಗೆ ಹೋಗಲೆಂಬುದೇ ನನ್ನ ಆಸೆ. ಆ ಆಸೆ ಹುಟ್ಟಿಸುವುದೂ ಆ ಚಾಟಿಯ ಸದ್ದೇ.

ನಮ್ಮ ಕಾವ್ಯಮೀಮಾಂಸಕರು ಇದನ್ನೆಲ್ಲ ಹೇಗೆ ಕಂಡರು? ಭರತನ ನಾಟ್ಯಶಾಸ್ತ್ರ ಎಂಟು ರಸಗಳನ್ನು ಹೇಳುವಾಗ ಶೃಂಗಾರ, ಹಾಸ್ಯಗಳ ಸಾಲಿನಲ್ಲೇ ಭಯಾನಕ, ಬೀಭತ್ಸ, ಅದ್ಭುತಗಳನ್ನೂ ಕೂರಿಸಿತು. ಹೇಸಿಗೆಯಿಂದಲೂ ರಸ ಹುಟ್ಟೀತು ಎಂದು ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ತೀ.ನಂ. ಶ್ರೀಕಂಠಯ್ಯನವರು 1953ರ 'ಭಾರತೀಯ ಕಾವ್ಯಮೀಮಾಂಸೆ'ಯಲ್ಲಿ ಈ ಇಡೀ ಚಿಂತನೆಯನ್ನು ನಮಗೆ ಕನ್ನಡದಲ್ಲಿ ದಕ್ಕಿಸಿಕೊಟ್ಟರು. ಆ ಚಿಂತನೆಯ ತಿರುಳಿನಲ್ಲಿ ಒಂದು ಷರತ್ತಿದೆ. ರಂಗದ ಮೇಲಿನ ದುಃಖ ನನ್ನ ಸ್ವಂತ ದುಃಖವಾಗಬಾರದು, ಶತ್ರುವಿನ ದುಃಖವೂ ಆಗಬಾರದು. ಅದು ಯಾರದೂ ಅಲ್ಲದ, ಎಲ್ಲರದೂ ಆದ ದುಃಖವಾದಾಗಲೇ ರಸ. ಇದನ್ನು ಸಾಧಾರಣೀಕರಣ ಎಂದರು. ಸ್ವಂತ ಲಾಭನಷ್ಟದ ಲೆಕ್ಕದಿಂದ ಬಿಡುಗಡೆ ಪಡೆದ ಮನಸ್ಸೇ ಸಹೃದಯನ ಮನಸ್ಸು.

ಹೇರೋಹಳ್ಳಿಯ ಚಂದ್ರ ಈ ಷರತ್ತನ್ನು ಮೊದಲು ಪಾಲಿಸಿ ಆಮೇಲೆ ಬೇಕೆಂದೇ ಮುರಿಯುತ್ತಾನೆ. ಗಗನಯಾತ್ರಿ ನಡೆಯುವಷ್ಟು ಹೊತ್ತು ನಮಗೆ ಯಾವ ಲಾಭನಷ್ಟವೂ ಇಲ್ಲ, ಅದ್ಭುತರಸದಲ್ಲಿ ತೇಲುತ್ತೇವೆ. ಆಟೋ ಬಂದೊಡನೆ ಆ ದೂರ ಕರಗುತ್ತದೆ. ಅದು ನನ್ನ ರಸ್ತೆ, ನನ್ನ ಸೊಂಟದ ನೋವು, ನಾನು ಕಟ್ಟಿದ ತೆರಿಗೆ, ನನ್ನ ಮಗ ದಿನವೂ ಬೈಕಿನಲ್ಲಿ ಹೋಗುವ ದಾರಿ. ರಂಗಮಂದಿರದಲ್ಲಿ ಕೂತವನಿಗೆ ತೆರೆಬಿದ್ದ ಮೇಲೆ ಮನೆಗೆ ಹೋಗುವ ದಾರಿಯಿದೆ. ಇಲ್ಲಿ ಆ ದಾರಿಯೇ ರಂಗ. ರಸಸಿದ್ಧಾಂತದ ದೃಷ್ಟಿಯಿಂದ ಇದು ದೋಷವಿರಬಹುದು. ನನ್ನ ಮಟ್ಟಿಗೆ ಇದೇ ಅದರ ದೊಡ್ಡ ಗುಣ.

ರಷ್ಯಾದ ವಿಮರ್ಶಕ ವಿಕ್ಟರ್ ಶ್ಕ್ಲೋವ್‌ಸ್ಕಿ 1917ರ ತನ್ನ ಪ್ರಬಂಧವೊಂದರಲ್ಲಿ, ಪರಿಚಿತವಾದದ್ದನ್ನು ಅಪರಿಚಿತಗೊಳಿಸುವುದೇ ಕಲೆಯ ಕೆಲಸವೆಂದು ವಾದಿಸಿದ. ಅವನು ಕೊಟ್ಟ ಉದಾಹರಣೆಗಳಲ್ಲಿ ಟಾಲ್‌ಸ್ಟಾಯ್ ಬರೆದ ಕುದುರೆಯ ಕಥೆಯೂ ಒಂದು. ಅಲ್ಲಿ ಕುದುರೆಯೇ ಕಥೆ ಹೇಳುತ್ತದೆ. ಮನುಷ್ಯರು 'ನನ್ನದು' ಎನ್ನುವುದರ ಅರ್ಥವೇ ಅದಕ್ಕೆ ತಿಳಿಯುವುದಿಲ್ಲ. ಓದುತ್ತ ಓದುತ್ತ ನಮಗೂ ಅದು ತಿಳಿಯದಂತಾಗುತ್ತದೆ. ಆದರೆ ಅದಕ್ಕಿಂತ ಏಳುನೂರಕ್ಕೂ ಹೆಚ್ಚು ವರ್ಷ ಹಿಂದೆಯೇ ನಮ್ಮ ಅಲ್ಲಮಪ್ರಭು ಬೆಡಗಿನ ವಚನಗಳಲ್ಲಿ ಲೋಕವನ್ನು ತಲೆಕೆಳಗು ಮಾಡಿ ಕೇಳುವವರ ನೆಮ್ಮದಿ ಕೆಡಿಸಿದ್ದ. ಅವನ ವಚನದ ಒಗಟು ಬಿಡಿಸಿಬಿಟ್ಟೆವೆಂದು ಎದ್ದು ಹೋಗುವ ಹಾಗಿಲ್ಲ. ಮತ್ತೆ ಮತ್ತೆ ಅದು ಬಂದು ಕಾಡುತ್ತದೆ.

ಕಾಡುವ ಮಾತು ಬಂದದ್ದರಿಂದ ಒಂದು ಸಿನಿಮಾ ನೆನೆಯುತ್ತೇನೆ. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ 1977ರಲ್ಲಿ ಮಾಡಿದ 'ಘಟಶ್ರಾದ್ಧ'. ಅವರ ಮೊದಲ ಕಥಾಚಿತ್ರ, ಸ್ವರ್ಣಕಮಲ ಪಡೆದ ಚಿತ್ರ. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದರ ಪುನರುಜ್ಜೀವಿತ ಪ್ರತಿ ಪ್ರದರ್ಶನವಾಯಿತು. ವೇದಪಾಠಕ್ಕೆ ಬಂದ ಚಿಕ್ಕ ಹುಡುಗ ನಾಣಿ, ಅವನನ್ನು ಅಕ್ಕರೆಯಿಂದ ನೋಡಿಕೊಳ್ಳುವ ಎಳೆ ವಿಧವೆ ಯಮುನಕ್ಕ. ಅವಳು ಬಸುರಾದಳೆಂದು ತಿಳಿದಾಗ ಊರು ತಿರುಗಿಬೀಳುತ್ತದೆ. ಹೆತ್ತ ತಂದೆ ಬದುಕಿರುವ ಮಗಳಿಗೇ ಶ್ರಾದ್ಧ ಮಾಡುತ್ತಾನೆ. ಕೊನೆಯಲ್ಲಿ ನಾಣಿ ತನ್ನ ಅಪ್ಪನ ಜೊತೆ ಊರು ಬಿಟ್ಟು ಹೋಗುವಾಗ, ತಲೆ ಬೋಳಿಸಿಕೊಂಡು ಮರದ ಕೆಳಗೆ ಕುಳಿತ ಅವಳನ್ನು ನೋಡುತ್ತಾನೆ. ನೋಡುವುದಷ್ಟೇ ಅವನಿಗೆ ಸಾಧ್ಯ. ಹುಡುಗನ ಕಣ್ಣಿನಿಂದ ನೋಡುವ ನಮಗೂ ಅಷ್ಟೇ ಸಾಧ್ಯ. ಈ ಚಿತ್ರ ನೋಡಿದ ಮೇಲೆ ನನ್ನ ಬಂಧುಬಳಗದ ಹಳೆಯ ಫೋಟೊಗಳಲ್ಲಿ ಕೆಂಪು ಸೀರೆ ಉಟ್ಟು ಮೂಲೆಯಲ್ಲಿ ನಿಂತ ವಿಧವೆ ಮುದುಕಿಯರನ್ನು ನಾನು ಮೊದಲ ಬಾರಿಗೆ ನೋಡಿದೆ. ಫೋಟೊ ಗೋಡೆಯ ಮೇಲೆ ನನ್ನ ಬಾಲ್ಯದಿಂದಲೂ ಇತ್ತು.

ಇದೇ ಎಪ್ಪತ್ತರ ದಶಕದ ಕೊನೆಯಲ್ಲಿ 'ಸಮುದಾಯ' ರಂಗತಂಡದವರು ಸಿಜಿಕೆ ನಿರ್ದೇಶನದಲ್ಲಿ 'ಬೆಲ್ಚಿ' ಬೀದಿನಾಟಕವನ್ನು ಊರೂರಿಗೆ ಹೊತ್ತರು. 1977ರ ಮೇ ತಿಂಗಳಲ್ಲಿ ಬಿಹಾರದ ಬೆಲ್ಚಿ ಎಂಬ ಹಳ್ಳಿಯಲ್ಲಿ 11 ಜನರನ್ನು ಕೊಂದು ಸುಟ್ಟರು. ಸತ್ತವರಲ್ಲಿ ಹೆಚ್ಚಿನವರು ದಲಿತರು. ನಾಟಕ ಆ ಘಟನೆಯದು. ಪರದೆಯಿಲ್ಲ, ವೇದಿಕೆಯಿಲ್ಲ, ಟಿಕೆಟ್ಟಿಲ್ಲ. ಜನ ಸುತ್ತ ನಿಂತರೆ ನಡುವೆ ನಾಟಕ. ಬೆಲ್ಚಿ ಎಲ್ಲೋ ಇದೆ ಎಂದುಕೊಂಡು ನೋಡಲು ನಿಂತವರು, ತಮ್ಮೂರಿನ ಕೇರಿಯನ್ನೇ ನೋಡಿಕೊಂಡು ಮನೆಗೆ ಹೋಗಬೇಕಾಯಿತು. ಸಂಜೆ ತರಕಾರಿ ಚೀಲ ಹಿಡಿದು ನಿಂತ ಮನುಷ್ಯನನ್ನು ಅವನ ಊರಿನ ನ್ಯಾಯ ಅನ್ಯಾಯಕ್ಕೆ ಎದುರಾಗಿ ನಿಲ್ಲಿಸುವ ಶಕ್ತಿ ಆ ಬಗೆಯ ಕಲೆಗಿತ್ತು.

ಹಾಗಾದರೆ ಜನರನ್ನು ಬೆಚ್ಚಿಬೀಳಿಸುವುದೆಲ್ಲ ಕಲೆಯೇ? ಖಂಡಿತ ಅಲ್ಲ. ಇದಕ್ಕೂ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಚಂದ್ರನ ನಡಿಗೆಯ ವಿಡಿಯೊ ಬಂದ ಎರಡು ತಿಂಗಳಿಗೆ, ಅದೇ 2019ರ ನವೆಂಬರಿನಲ್ಲಿ, ಯಶವಂತಪುರದ ಕಡೆ ಒಂದಿಷ್ಟು ಯುವಕರು ದೆವ್ವದ ವೇಷ ಹಾಕಿಕೊಂಡು ರಾತ್ರಿ ದಾರಿಹೋಕರನ್ನು, ವಾಹನದವರನ್ನು ಹೆದರಿಸಿ ಅದನ್ನು ಯೂಟ್ಯೂಬಿಗಾಗಿ ಚಿತ್ರೀಕರಿಸುತ್ತಿದ್ದರು. ಪೊಲೀಸರು 7 ಮಂದಿಯನ್ನು ಬಂಧಿಸಿದರು. ಎರಡೂ ರಾತ್ರಿಯ ಕೆಲಸ, ಎರಡರಲ್ಲೂ ವೇಷವಿದೆ, ರಸ್ತೆಯಿದೆ, ಕ್ಯಾಮೆರಾ ಇದೆ, ಅಚ್ಚರಿಯಿದೆ. ವ್ಯತ್ಯಾಸವೇನು?

ನನ್ನ ಉತ್ತರ ಹೀಗಿದೆ. ಅಚ್ಚರಿಯ ಬೆಲೆಯನ್ನು ಯಾರು ತೆರುತ್ತಾರೆ ಎಂದು ಕೇಳಿ. ದೆವ್ವದ ಆಟದಲ್ಲಿ ಬೆಲೆ ತೆತ್ತವರು ಸರಿರಾತ್ರಿಯಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟವರು. ಅವರ ಹೆದರಿಕೆಯೇ ಇನ್ನೊಬ್ಬರ ಸರಕಾಯಿತು. ದುರುಗಮುರುಗಿಯವನ ಚಾಟಿ ಬೀಳುವುದು ಅವನದೇ ಮೈಮೇಲೆ. 2015ರ ಜೂನ್‌ನಲ್ಲಿ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಯಲ್ಲಿ ನೀರು ತುಂಬಿದ್ದ ದೊಡ್ಡ ಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿಯೊಂದನ್ನು ತಂದಿಟ್ಟರು. ಸುಮಾರು 20 ಕಿಲೊ ತೂಕದ ಆ ಮೊಸಳೆಗೆ ತಮ್ಮ ಕೈಯಿಂದ 6,000 ರೂಪಾಯಿ ಹಾಕಿದ್ದರು. ಬೆಳಿಗ್ಗೆ ಆ ದಾರಿಯಲ್ಲಿ ಹೋದವರು ನಿಂತರು, ನೋಡಿದರು, ನಕ್ಕರು. ಯಾರೂ ಬಿದ್ದು ಗಾಯಗೊಳ್ಳಲಿಲ್ಲ, ಯಾರ ಮಾನವೂ ಹೋಗಲಿಲ್ಲ. ಮುಜುಗರ ತಟ್ಟಿದ್ದು ತಟ್ಟಬೇಕಾದವರಿಗೆ. ದುರ್ಬಲರನ್ನು ಬೆಚ್ಚಿಸುವುದು ಸುಲಭ, ಅವರು ಮೊದಲೇ ಬೆಚ್ಚಿದವರು. ನೆಮ್ಮದಿಯಾಗಿ ಕೂತವರನ್ನು ಕಲಕುವುದಕ್ಕೆ ಕಲಾವಿದ ತನ್ನ ಹಣವನ್ನೋ, ಮೈಯನ್ನೋ, ಹೆಸರನ್ನೋ ಪಣಕ್ಕಿಡಬೇಕಾಗುತ್ತದೆ. ಇಲ್ಲಿರುವ ವಿದ್ಯಾರ್ಥಿಗಳು ಮೊಬೈಲಿನಲ್ಲಿ ದಿನಕ್ಕೆ ನೂರಾರು ಬೆಚ್ಚಿಸುವ ತುಣುಕುಗಳನ್ನು ನೋಡುತ್ತೀರಿ. ಪ್ರತಿಯೊಂದಕ್ಕೂ ಈ ಪ್ರಶ್ನೆ ಹಾಕಿ ನೋಡಿ.

ಅಂಥ ತುಣುಕುಗಳ ಮಳೆಯಲ್ಲಿ ಇನ್ನೊಂದು ಅಪಾಯವಿದೆ. ಅಚ್ಚರಿಗೂ ನಾವು ಒಗ್ಗಿಹೋಗುತ್ತೇವೆ. ಮೊಸಳೆಯ ಮೊದಲ ದಿನದ ಬೆರಗು ಮೂರನೆಯ ದಿನಕ್ಕೆ ಇರಲಾರದು. ಗಗನಯಾತ್ರಿಯನ್ನು ಹತ್ತು ಬಡಾವಣೆಗಳಲ್ಲಿ ನಡೆಸಿದರೆ ಹನ್ನೊಂದನೆಯ ಬಡಾವಣೆಯವರು ತಲೆಯೆತ್ತಲಾರರು. ತುಂಗಾನಗರದ ಗುಂಡಿಗಳನ್ನು ಮುಚ್ಚಲು ಯಂತ್ರ ಬಂದದ್ದನ್ನು ಕಲೆಯ ಗೆಲುವೆಂದು ನಾವೆಲ್ಲ ಸಂಭ್ರಮಿಸಿದೆವು. ಸಂಭ್ರಮಿಸಬೇಕಾದದ್ದೇ. ಆದರೆ ಊರು ತನ್ನ ಗುಂಡಿ ಮುಚ್ಚಿಸಿಕೊಳ್ಳಲು ಪ್ರತಿ ರಸ್ತೆಗೊಬ್ಬ ಕಲಾವಿದನನ್ನು ಕಾಯಬೇಕಾದರೆ ಅದು ಆಡಳಿತದ ಸೋಲು, ನಾಗರಿಕರ ಸೋಲು ಕೂಡ. ಕಲೆ ಎಬ್ಬಿಸಬಲ್ಲದು. ಎದ್ದ ಮೇಲಿನ ಕೆಲಸ ನಮ್ಮದು.

ಈ ಮಾತನ್ನು ಬೇರೆ ಊರಿನಲ್ಲಿ ಹೇಳಿದ್ದರೆ ಇಲ್ಲಿಗೆ ನಿಲ್ಲಿಸಬಹುದಿತ್ತು. ಕುರುಬರಹಳ್ಳಿಯಲ್ಲಿ ನಿಂತು ಹೇಳುವಾಗ ನಿಲ್ಲಿಸುವಂತಿಲ್ಲ.

2017ರ ಅಕ್ಟೋಬರ್ ತಿಂಗಳು. ಕಬ್ಬನ್ ರಸ್ತೆಯ ಬಳಿ ಮಳೆನೀರು ತುಂಬಿದ್ದ ಗುಂಡಿಯೊಂದನ್ನು ಬಾದಲ್ ನೀಲಿ ಕೊಳವಾಗಿ ಮಾಡಿ, ನಟಿ ಸೋನು ಗೌಡ ಅವರನ್ನು ಮತ್ಸ್ಯಕನ್ಯೆಯ ವೇಷದಲ್ಲಿ ಅದರ ಅಂಚಿಗೆ ಕೂರಿಸಿದರು. ಪತ್ರಿಕೆಗಳಲ್ಲೆಲ್ಲ ಆ ಫೋಟೊ ಬಂತು. ಅದೇ ತಿಂಗಳ 13ರ ರಾತ್ರಿ ಈ ನಮ್ಮ ಬಡಾವಣೆಯಲ್ಲಿ ಏನಾಯಿತೆಂದು ನಿಮಗೆ ನಾನು ಹೇಳಬೇಕಿಲ್ಲ. ಮಳೆ ಸುರಿಯಿತು, ರಾಜಕಾಲುವೆ ಉಕ್ಕಿತು, ಮನೆಗಳಿಗೆ ನೀರು ನುಗ್ಗಿತು, ನಮ್ಮ ನೆರೆಯವರು ಕೊಚ್ಚಿಹೋದರು. ಅದಕ್ಕೂ ಮೊದಲು, ಅದೇ ವರ್ಷದ ಮೇ ತಿಂಗಳಲ್ಲಿ, ಇದೇ ಕಾಲುವೆಯಲ್ಲಿ ಹೂಳೆತ್ತುವ ಕೆಲಸಕ್ಕಿದ್ದ ಗುತ್ತಿಗೆ ಕಾರ್ಮಿಕರೊಬ್ಬರು ಮಳೆನೀರಿನ ಸೆಳೆತಕ್ಕೆ ಸಿಕ್ಕಿ ಕೊಚ್ಚಿಹೋಗಿದ್ದರು. ಒಂದೇ ವರ್ಷದಲ್ಲಿ ಎರಡು ಬಾರಿ ಈ ಕಾಲುವೆ ಮನುಷ್ಯರನ್ನು ಸೆಳೆದುಕೊಂಡಿತು.

ನಗರದ ಒಂದು ಕಡೆ ಗುಂಡಿಯ ನೀರು ಚಿತ್ರವಾಯಿತು, ಇನ್ನೊಂದು ಕಡೆ ಅದೇ ಮಳೆಗಾಲದ ನೀರು ಸಾವಾಯಿತು. ಆ ಮತ್ಸ್ಯಕನ್ಯೆಯ ಫೋಟೊವನ್ನು ಇವತ್ತು ನೋಡಿದರೆ ನನಗೆ ನಗು ಬರುವುದಿಲ್ಲ. ಕಲಾವಿದರ ತಪ್ಪೇನೂ ಇಲ್ಲ. ಅವರು ಎಚ್ಚರಿಸುತ್ತಲೇ ಇದ್ದರು. ನಾವು ಚಿತ್ರವನ್ನು ಮೆಚ್ಚಿಕೊಂಡು, ಹಂಚಿಕೊಂಡು, ಮುಂದಿನದನ್ನು ನೋಡಲು ಹೋದೆವು.

ಈಗ ಎಷ್ಟು ವರ್ಷಗಳಾದವು? ಕಾಲುವೆಯ ಪಕ್ಕ ದಿನವೂ ಓಡಾಡುತ್ತೇವೆ. ಆ ರಾತ್ರಿಯ ನಂತರ ಇಲ್ಲಿಗೆ ಬಾಡಿಗೆಗೆ ಬಂದ ಕುಟುಂಬಗಳಿಗೆ, ಆಮೇಲೆ ಹುಟ್ಟಿದ ಮಕ್ಕಳಿಗೆ ಅದು ಬರೀ ವಾಸನೆ ಬರುವ ಮೋರಿ. ಮಹಡಿಯ ಕೆಳಗಿನ ತಗ್ಗಿನ ಮನೆಗೆ ಮುಂಗಡ ಕೊಡುವಾಗ, ಇಲ್ಲಿ ನೀರು ಎಷ್ಟು ಎತ್ತರ ನಿಂತಿತ್ತೆಂದು ಅವರಿಗೆ ಹೇಳುವವರಿಲ್ಲ. ಬೇಸಿಗೆಯಲ್ಲಿ ಆ ಕಾಲುವೆಯ ತಳದಲ್ಲಿ ಹರಿಯುವ ಸಣ್ಣ ಕಪ್ಪು ಗೆರೆಯನ್ನು ನೋಡಿದವರು, ಅದು ವೃಷಭಾವತಿ ಕಣಿವೆಯ ನೀರನ್ನು ಹೊರುವ ಹಾದಿಯೆಂದು ಊಹಿಸಲಾರರು. ನದಿಯೊಂದು ಮೋರಿಯಾಗಿ ಕಾಣಿಸುವಷ್ಟು ನಮ್ಮ ಕಣ್ಣು ಒಗ್ಗಿದೆ. ತುಂಗಾನಗರದ ಗುಂಡಿಗಿಂತ ದೊಡ್ಡ ಮರೆವು ಇದು.

ಆದ್ದರಿಂದ ಈ ದತ್ತಿಯ ಹೆಸರಿನಲ್ಲಿ ನಿಮ್ಮೆಲ್ಲರಲ್ಲಿ ಒಂದು ಕೋರಿಕೆ ಇಡುತ್ತೇನೆ. 2017ರ ಆ ರಾತ್ರಿ ನೀರು ಎಲ್ಲಿಯವರೆಗೆ ಏರಿತ್ತೆಂದು ಬಲ್ಲ ಹಿರಿಯರು ಈ ಸಭೆಯಲ್ಲಿದ್ದೀರಿ. ನಿಮ್ಮ ನಿಮ್ಮ ಮನೆಯ ಗೋಡೆಯ ಮೇಲೆ, ಅಂಗಡಿಯ ಕಂಬದ ಮೇಲೆ, ಶಾಲೆಯ ಕಾಂಪೌಂಡಿನ ಮೇಲೆ, ಮನೆಯವರ ಒಪ್ಪಿಗೆ ಪಡೆದು, ಆ ಎತ್ತರಕ್ಕೆ ಒಂದು ನೀಲಿ ಗೆರೆ ಎಳೆಯೋಣ. ಗೆರೆಯ ಪಕ್ಕದಲ್ಲಿ ತಾರೀಖು ಮಾತ್ರ ಸಾಕು. ಬೀದಿಯುದ್ದಕ್ಕೂ ಒಂದೇ ಮಟ್ಟದಲ್ಲಿ ಆ ನೀಲಿ ಗೆರೆ ಹರಿಯಬೇಕು. ಹಾಲು ತರಲು ಹೋದವರ ಎದೆಮಟ್ಟಕ್ಕೆ, ಶಾಲೆಗೆ ಹೊರಟ ಮಗುವಿನ ತಲೆಗಿಂತ ಮೇಲಕ್ಕೆ ಅದು ಬಂದಲ್ಲೆಲ್ಲ, ನೋಡಿದವರು ತಮ್ಮ ಮೈಯನ್ನು ಅದರ ಜೊತೆ ಅಳೆದುಕೊಳ್ಳುತ್ತಾರೆ. ಪ್ರತಿ ಮಳೆಗಾಲದ ಮೊದಲು ಬಡಾವಣೆಯ ಮಕ್ಕಳೇ ಅದಕ್ಕೆ ಹೊಸ ಬಣ್ಣ ಬಳಿಯಲಿ, ಆಗ ಅದು ಮಾಸುವುದಿಲ್ಲ, ಕಣ್ಣೂ ಒಗ್ಗುವುದಿಲ್ಲ. ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಇಡುವ ಸಂಘದವರಲ್ಲಿ ಕೇಳಿಕೊಳ್ಳುತ್ತೇನೆ, ಆರ್ಕೆಸ್ಟ್ರಾ ಇರಲಿ, ಅದಕ್ಕೆ ಮೊದಲು ಅರ್ಧ ಗಂಟೆ ಕಾಲುವೆಯ ಪಕ್ಕದಲ್ಲೇ ನಮ್ಮ ಹುಡುಗ ಹುಡುಗಿಯರು ಒಂದು ಬೀದಿನಾಟಕ ಆಡಲಿ. ಹೂಳೆತ್ತಲು ಇಳಿದ ಕಾರ್ಮಿಕರ ಕಥೆಯನ್ನು ಅವರು ಆಡಲಿ. ಆ ದಿನ ಪಾಲಿಕೆಯ ಎಂಜಿನಿಯರರನ್ನೂ ಕರೆಯಿರಿ, ಮುಂದಿನ ಸಾಲಿನಲ್ಲಿ ಕೂರಿಸಿ, ಮಳೆಗಾಲಕ್ಕೆ ಮೊದಲು ಹೂಳೆತ್ತುವ ದಿನವನ್ನು ಅಲ್ಲೇ ಕೇಳಿ ಬರೆದುಕೊಳ್ಳಿ.

ಈ ಉಪನ್ಯಾಸಕ್ಕೆ ನೀವು ಕೊಟ್ಟ ಗೌರವಧನವನ್ನು ಆ ನೀಲಿ ಬಣ್ಣಕ್ಕೆಂದು ಅಧ್ಯಕ್ಷರ ಕೈಗೆ ಮರಳಿಸುತ್ತಿದ್ದೇನೆ. ಯಾರ ಗೋಡೆಯಿಂದ ಶುರುಮಾಡಬಹುದೆಂದು ಸಭೆ ಮುಗಿದ ಮೇಲೆ ದಯವಿಟ್ಟು ಬಂದು ಹೆಸರು ಬರೆಸಿ.